ಕಾಳಿ ನದಿ ದಂಡೆಯ ಕೆಂಪು ಬಟ್ಟೆ

ಇದನ್ನು ನನಗೆ ಹೇಳಿದವರು ಹುಬ್ಬಳ್ಳಿಯ ಮೃತ್ಯುಂಜಯ. ಟೈಲ್ಸ್ ಅಂಗಡಿ ಇದೆ, ವಯಸ್ಸು ನಲವತ್ತಾರು.

ಹೇಳಿ ಮುಗಿಸುವವರೆಗೂ ಒಮ್ಮೆಯೂ ನನ್ನ ಮುಖ ನೋಡಲಿಲ್ಲ...

ತಿಂಗಳಿಗೊಮ್ಮೆ ಬೆನ್ನಿಗೆ ಬ್ಯಾಗ್ ಏರಿಸಿ ಕಾಡು ಸುತ್ತುವುದು ಅವರ ಹವ್ಯಾಸ. ದಾರಿಯಲ್ಲಿ ಸಿಗುವ ಬಾಟಲಿ, ಚಿಪ್ಸ್ ಕವರ್ ಎಲ್ಲವನ್ನೂ ಆರಿಸಿ ಚೀಲಕ್ಕೆ ತುಂಬಿಕೊಂಡು ಬರುತ್ತಾರೆ.

ಒಳ್ಳೆಯ ಕೆಲಸವೇ. ಆದರೆ ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು.

ಕಳೆದ ಡಿಸೆಂಬರ್. ದಾಂಡೇಲಿಯಾಚೆ, ಕಾಳಿ ನದಿಯ ಪಕ್ಕದ ಕಾಲುದಾರಿ. ಒಂದು ಕಡೆ ಬಿದಿರು, ಇನ್ನೊಂದು ಕಡೆ ಕೆಳಗೆ ಹಸಿರು ನೀರು... ಹಕ್ಕಿಗಳ ದನಿ ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ತಿರುವು ದಾಟುತ್ತಿದ್ದಂತೆ ಮರಗಳಿಗೆ ಕಟ್ಟಿದ ಕೆಂಪು ಬಟ್ಟೆಯ ಚೂರುಗಳು ಕಂಡವು. ಹತ್ತು ಹೆಜ್ಜೆಗೊಂದು.

"ಯಾವುದೋ ಟ್ರೆಕ್ಕಿಂಗ್ ಗುಂಪಿನವರು ಗುರುತಿಗೆ ಕಟ್ಟಿ ಹಾಗೇ ಬಿಟ್ಟು ಹೋಗ್ಯಾರ... ನಾಚಿಕಿಲ್ಲದ ಮಂದಿ!"

ಬೈದುಕೊಳ್ಳುತ್ತಲೇ ಒಂದೊಂದನ್ನೂ ಬಿಚ್ಚಿದರು. ಗಂಟುಗಳು ಎಷ್ಟು ಬಿಗಿಯಾಗಿದ್ದವೆಂದರೆ ಕೆಲವಕ್ಕೆ ಚಾಕು ಹಾಕಬೇಕಾಯಿತು.

ದಾರಿ ಮುಗಿಯುವಲ್ಲಿ ಏಳೆಂಟು ಮನೆಗಳ ಹಳ್ಳಿ. ಮೊದಲ ಮನೆಯ ಮುಂದೆ ದ್ಯಾಮವ್ವ ಎಂಬ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು.

"ತಮ್ಮಾ, ದಾರ್ಯಾಗ ನಮ್ಮ ಮನಿಯವ್ರು ಕಂಡ್ರೇನು? ಹೊಳಿಗೆ ಜಳಕಕ್ಕ ಹೋದವ್ರು ಇನ್ನೂ ಬಂದಿಲ್ಲ."

"ಇಲ್ಲಬೇ ಯವ್ವಾ, ಯಾರೂ ಕಾಣಲಿಲ್ಲ."

"ಅವ್ರಿಗೆ ಕಣ್ಣು ಹೋಗಿ ಮೂರು ವರ್ಷಾತು. ಅದಕ್ಕ ನನ್ನ ಸೀರಿ ಹರದು ಗಿಡಗಳಿಗೆ ಕಟ್ಟೀನಿ. ಹತ್ತು ಹೆಜ್ಜಿ ಎಣಸ್ತಾರ, ಬಟ್ಟಿ ಮುಟ್ತಾರ, ಮತ್ತ ಹತ್ತು ಹೆಜ್ಜಿ... ಹಂಗ ದಿನಾ ಒಬ್ರ ಹೋಗಿ ಬರ್ತಾರ."

ಮೃತ್ಯುಂಜಯರ ಕೈ ತಾನಾಗಿಯೇ ಚೀಲದ ಬಾಯಿಯನ್ನು ಮುಚ್ಚಿ ಹಿಡಿಯಿತು...

ಆಗಲೇ ಹೇಳಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ನಡೀರಿ, ನಾನೂ ಹುಡುಕ್ತೀನಿ."

ಊರಂಚಿನ ಮರಗಳಲ್ಲಿ ಬಟ್ಟೆ ಇಲ್ಲದ್ದನ್ನು ಕಂಡು ದ್ಯಾಮವ್ವ ಗಾಬರಿಯಾದರು.

"ಅಯ್ಯ ಶಿವನ! ಇಲ್ಲಿನವು ದನ ಎಳದಾವೇನೋ... ಹೊಳಿ ಕಡಿ ಬಟ್ಟಿ ಹಿಡಕೊಂಡು ಇಲ್ಲೀತನಕ ಬಂದಿರ್ತಾರ. ಇಲ್ಲೇ ಎಲ್ಲೋ ದಾರಿ ತಪ್ಪ್ಯಾರ."

ಅತ್ತ ಕಡೆಯೂ ಒಂದೇ ಒಂದು ಬಟ್ಟೆ ಉಳಿದಿಲ್ಲ ಎಂಬುದು ಮೃತ್ಯುಂಜಯರಿಗೆ ಮಾತ್ರ ಗೊತ್ತಿತ್ತು.

ಗೊತ್ತಿದ್ದೂ ಸುಮ್ಮನಿದ್ದರು. ಅಜ್ಜಿಯ ಜೊತೆ ಅಲ್ಲೇ ಪೊದೆ ಪೊದೆ ಹುಡುಕಿದರು... ಒಂದು ಗಂಟೆ!

ಕೊನೆಗೆ ನದಿಯ ಕಡೆಯಿಂದ ಕ್ಷೀಣವಾದ ಕೂಗೊಂದು ಕೇಳಿಸಿತು.

ಓಡಿದರು. ದ್ಯಾಮವ್ವನ ಗಂಡ, ಅಜ್ಜ ಕಲ್ಲಪ್ಪ, ಕಡಿದಾದ ದಂಡೆಯಲ್ಲಿ ಸ್ವಲ್ಪ ಕೆಳಗೆ ಜಾರಿ, ಎರಡೂ ಕೈಯಿಂದ ಒಂದು ಬಿದಿರನ್ನು ತಬ್ಬಿ ಕುಳಿತಿದ್ದರು. ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಎರಡಡಿ ಕೆಳಗೆ ಆಳವಾದ ಮಡುವು.

ಮೃತ್ಯುಂಜಯ ಹೊಟ್ಟೆಯ ಮೇಲೆ ಮಲಗಿ, ತೋಳು ಹಿಡಿದು ಮೇಲೆಳೆದುಕೊಂಡರು. ಅಜ್ಜ ಹೆಂಡತಿಯ ಕೈ ತಡಕಿ ಹಿಡಿದರು.

"ಬಟ್ಟಿ ಸಿಗಲಿಲ್ಲ... ಎಷ್ಟು ತಡವಿದ್ರೂ ಸಿಗಲಿಲ್ಲ. ನೀನ ಬಿಚ್ಚೀಯೇನೋ, ನಾ ಬ್ಯಾಡಾದೆನೇನೋ ಅನ್ಕೊಂಡೆ..."

ದ್ಯಾಮವ್ವ ಗಂಡನ ಕಾಲು ಹಿಡಿದು ಅತ್ತುಬಿಟ್ಟರು. "ಹಂಗನಬ್ಯಾಡ್ರಿ! ನನ್ನ ಗಂಟ ಸಡಿಲಿದ್ವು. ಕೈಯಾಗ ಮೊದಲಿನ ಶಕ್ತಿ ಇಲ್ಲ. ನಂದ ತಪ್ಪು..."

ಇನ್ನು ತಡೆಯಲಾಗಲಿಲ್ಲ. ಮೃತ್ಯುಂಜಯ ಮೊಣಕಾಲೂರಿ ಕುಳಿತು, ಚೀಲವನ್ನು ಅವರ ಮುಂದೆ ಸುರಿದರು. ಚಿಪ್ಸ್ ಕವರ್, ಬಾಟಲಿ... ಅವುಗಳ ನಡುವೆ ನಲವತ್ತಕ್ಕೂ ಹೆಚ್ಚು ಕೆಂಪು ಚೂರುಗಳು.

"ನಿಮ್ಮ ಗಂಟು ಗಟ್ಟಿ ಇದ್ವು ಯವ್ವಾ... ನಾನ ಕೊಯ್ದೆ. ಕಸ ಅನ್ಕೊಂಡೆ."

ದ್ಯಾಮವ್ವ ಒಂದು ಚೂರನ್ನು ಎತ್ತಿ, ಚಾಕು ಹಾಕಿದ ಅಂಚನ್ನು ಬೆರಳಿನಿಂದ ಸವರಿದರು. ಬೈಯಲಿಲ್ಲ.

"ಬಿಚ್ಚಿದ್ದು ಹೋಗ್ಲಿ ತಮ್ಮಾ, ನಿನಗ ಗೊತ್ತಿರಲಿಲ್ಲ... ಆದ್ರ ನಾ ಹೇಳಿದ ಮ್ಯಾಲೆ ಗೊತ್ತಾತಲ್ಲ? ಆಗ ಒಂದು ಮಾತು ಅಂದಿದ್ರ ನಾ ಸೀದಾ ಹೊಳಿಗೆ ಓಡಿ ಬರ್ತಿದ್ದೆ. ಒಂದು ತಾಸು ಹಿಂಗ ಬಿದಿರು ಹಿಡಕೊಂಡು ಕುಂತಿದ್ರಲ್ಲೋ ಇವ್ರು..."



ಮೃತ್ಯುಂಜಯ ಅಜ್ಜನನ್ನು ಬೆನ್ನ ಮೇಲೆ ಹೊತ್ತು ಮನೆ ಮುಟ್ಟಿಸಿದರು. ಗಾಯ ತೊಳೆದು ಪಟ್ಟಿ ಕಟ್ಟಿದರು. ನಂತರ ಬಟ್ಟೆಗಳನ್ನು ತೆಗೆದುಕೊಂಡು, ಮತ್ತೆ ಒಂದೊಂದೇ ಮರಕ್ಕೆ ಕಟ್ಟುತ್ತ ಹೊರಟರು.

ದ್ಯಾಮವ್ವ ಬೇಡ ಅನ್ನಲಿಲ್ಲ.

ಆದರೆ ಹಿಂದೆಯೇ ಬಂದು, ಅವರು ಕಟ್ಟಿದ ಪ್ರತಿ ಗಂಟನ್ನೂ ಬಿಚ್ಚಿ, ತಾವೇ ಮತ್ತೊಮ್ಮೆ ಕಟ್ಟಿದರು...

"ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ" ಎಂದರು ಮೃತ್ಯುಂಜಯ.

ತಿಳಿಯದೆ ಮಾಡಿದ ತಪ್ಪನ್ನು ಜನ ಮನ್ನಿಸಬಹುದು... ತಿಳಿದ ಮೇಲೂ ಮುಚ್ಚಿಟ್ಟರೆ ಕಳೆದುಕೊಳ್ಳುವುದು ಅವರ ನಂಬಿಕೆಯನ್ನು.

"ಅದು ನನ್ನಿಂದಲೇ ಆದದ್ದು" ಎಂದು ನೀವು ಇಂದೇ ಹೇಳಬೇಕಾದವರು ಯಾರಾದರೂ ಇದ್ದಾರೆಯೇ?