ಬಿಡುವಿಲ್ಲದ ವೇಳಾಪಟ್ಟಿ

ಮೂರನೇ ತರಗತಿಯ ಹೊಸ ಪಠ್ಯಕ್ರಮದಲ್ಲಿ ಇನ್ನೊಂದು ವಿಷಯ ತುರುಕಲು ಜಾಗವಿರಲಿಲ್ಲ. ಸಮಿತಿಯ ಅಧ್ಯಕ್ಷರು ವೇಳಾಪಟ್ಟಿಯಿಂದ ಬೆಳಗಿನ ಹತ್ತು ನಿಮಿಷದ ಬಿಡುವನ್ನೇ ಹೊಡೆದುಹಾಕಿದರು.

“ಪಾಪ, ಚಿಕ್ಕ ಮಕ್ಕಳು ಸರ್,” ಎಂದಳು ಸಮಿತಿಯ ಕಿರಿಯ ಸದಸ್ಯೆ ಇಂಚರ, ಮೇಜಿಗಷ್ಟೇ ಕೇಳುವಂತೆ. ಅದು ಅಧ್ಯಕ್ಷರ ಕಿವಿಗೂ ಬಿತ್ತು.

“ಮೂರು ಗಂಟೆ ಕೂತ್ರೆ ಸವೆದುಹೋಗ್ತಾರೇನಮ್ಮ? ನಾಳೆ ನಾನೇ ಕೂತು ತೋರಿಸ್ತೀನಿ. ನೀನೇ ಪಾಠ ಮಾಡು!”

ಎಲ್ಲರೂ ಗೊಳ್ಳೆಂದು ನಕ್ಕರು.

ಮರುದಿನ ಮೂರನೇ ತರಗತಿಯ ಕೋಣೆಯಲ್ಲಿ ಇಂಚರ ಸೀಮೆಸುಣ್ಣ ಹಿಡಿದಳು. ಅಧ್ಯಕ್ಷರು ಎರಡು ಲೋಟ ಕಾಫಿ ಕುಡಿದು ಬಂದು, ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಗಣಿತ ಮುಗಿಯಿತು, ಕನ್ನಡ ಮುಗಿಯಿತು. ಕೆರೆಗೆ ನೀರು ಹರಿದುಬರುವ ಪಾಠ ಶುರುವಾದದ್ದೇ ತಡ, ಅವರು ತಟ್ಟನೆ ಎದ್ದು ಕಿರುಬೆರಳು ಎತ್ತಿದರು.

“ಪಟ್ಟಿಯಲ್ಲಿ ಬಿಡುವೇ ಇಲ್ವಲ್ಲ, ಸರ್?”

“ಇದೆ, ಬರ್ಕೋಮ್ಮ!” ಎಂಬ ಉತ್ತರ ಕಾರಿಡಾರಿನ ತುದಿಯಿಂದ ಬಂತು.