ಮೂವತ್ತು ಕೆಂಪು ಅಂಗಿಗಳು

ಶಶಿಕಾಂತ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಗೇಟು ದಾಟಿದ. ಯಾರೋ ಕೈ ಬೀಸಿದರು. ತಲೆ ತಗ್ಗಿಸಿದ. ಚಹದಂಗಡಿಯ ಮುಂದೆ ಇಬ್ಬರು ಒಂದೇ ಮೊಬೈಲಿನ ಮೇಲೆ ಬಾಗಿದ್ದರು. ದಾರಿ ಬದಲಿಸಿದ. ತನ್ನ ಫೋನನ್ನು ಬೆಳಿಗ್ಗೆಯೇ ಆರಿಸಿ ಹೆಂಡತಿ ನಿರ್ಮಲಾಳ ಕೈಗೆ ಕೊಟ್ಟು ಬಂದಿದ್ದ.

'ಕಳುವು ಮಾಡಿದವರಂಗ ಯಾಕ ಮಾಡಾಕತ್ತೀರಿ?' ಎಂದಿದ್ದಳು ಅವಳು.

'ಸಂಜೀತನಾ ನನಗ ಯಾರೂ ಏನೂ ಹೇಳಬಾರದು. ನೀನೂ ಹೇಳಬ್ಯಾಡ.'

'ಚೆಂಡು ಒದಿಯೋರ ಸುದ್ದಿ ನನಗೇನು ಗೊತ್ತೈತ್ರಿ ಹೇಳಾಕ?'

ಹಿಂದಿನ ರಾತ್ರಿ ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫುಟ್‌ಬಾಲಿನ ಫೈನಲ್ ಮುಗಿದಿತ್ತು. ಆಡಿದ್ದು ಇಂಗ್ಲೆಂಡಿನವೇ ಎರಡು ತಂಡ, ಟಾಟನ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್. ದಲಾಲಿ ಅಂಗಡಿಯ ಗುಮಾಸ್ತ ಶಶಿಕಾಂತ ಆ ಹೊತ್ತಿನಲ್ಲಿ ಗುರುವಾರದ ಟೆಂಡರು ಹರಾಜಿಗೆ ಬಂದ ಚೀಲಗಳನ್ನು ಇಳಿಸಿಕೊಳ್ಳುತ್ತಿದ್ದ. ಸಂಜೆ ಬಾಗಿಲು ಹಾಕಿಕೊಂಡು, ಏನೂ ಗೊತ್ತಿಲ್ಲದವನಾಗಿ, ಪೂರ್ತಿ ಪಂದ್ಯ ನೋಡಬೇಕು. ಅಷ್ಟೇ ಅವನ ಆಸೆ.

ಅವನದು ಟಾಟನ್‌ಹ್ಯಾಮ್. ಆ ತಂಡ ಕಡೆಯ ಬಾರಿ ಕಪ್ ಎತ್ತಿದ್ದು 2008ರಲ್ಲಿ. ಅವನಿಗೆ ಮೀಸೆ ಮೂಡಿದ್ದೂ ಅದೇ ವರ್ಷ. ಹದಿನೇಳು ವರ್ಷ ಕಪ್ ಬರಲಿಲ್ಲ. ಮೀಸೆ ಮಾತ್ರ ತುದಿ ತಿರುವುವಷ್ಟು ಬೆಳೆಯಿತು. ಈಗ ಪಣಕ್ಕಿದ್ದದ್ದು ಆ ಮೀಸೆಯೇ.

ಪಣ ಕಟ್ಟಿದವನು ಕಾಲೇಜಿನ ಗೆಳೆಯ ಸುನೀಲಕುಮಾರ. ರಾಣೆಬೆನ್ನೂರಿನಲ್ಲಿ ಅಂಗಿಗಳ ಮೇಲೆ ಅಕ್ಷರ, ಚಿತ್ರ ಅಚ್ಚು ಹಾಕುವ ಅಂಗಡಿ ಅವನದು. ಯುನೈಟೆಡ್ ಎಂದರೆ ಪ್ರಾಣ. ಅವನಿಗೂ ಮೀಸೆಯಿತ್ತು. ಸೋತ ತಂಡದವನ ಮೀಸೆ ಮರುದಿನ ರಾತ್ರಿ ಮಲಗುವುದರೊಳಗೆ ಹೋಗಬೇಕು.

ಇಂಗ್ಲೆಂಡಿನ ಲೀಗಿನ ಇಪ್ಪತ್ತು ತಂಡಗಳಲ್ಲಿ ಯುನೈಟೆಡ್ ಹದಿನಾರನೆಯದು, ಟಾಟನ್‌ಹ್ಯಾಮ್ ಹದಿನೇಳನೆಯದು. 'ಮನ್ಯಾಗ ಒಲಿ ಹತ್ತಿಲ್ಲ, ಊರಿಗೆಲ್ಲಾ ಊಟ ಹಾಕಾಕ ಹೊಂಟಾರ' ಎಂದು ಮೊದಲು ಇಬ್ಬರೂ ನಕ್ಕಿದ್ದರು. ಆಮೇಲೆ ಜಗಳ.

'ಲಿಯೋನ್ ಮ್ಯಾಚ್ ನೋಡಿದಿಲ್ಲೋ?' ಎಂದಿದ್ದ ಸುನೀಲಕುಮಾರ. 'ನಾಕು-ಎರಡು ಹಿಂದಿದ್ವಿ. ಕಡೇ ಏಳು ನಿಮಿಷದಾಗ ಮೂರು ಗೋಲು ಹೊಡದ್ವಿ. ಸೆಮಿಫೈನಲ್‌ದಾಗ ಬಿಲ್ಬಾವೊದವರಿಗೆ ಎರಡೂ ಮ್ಯಾಚ್ ಸೇರಿ ಏಳು ಕೊಟ್ಟೇವಿ. ಈಗ ಅವರ ಊರಾಗ ಕಪ್ ಎತ್ತತೇವಿ.'

'ಬಾಯಿ ಭಾಳ ಆತು ನಿಂದು. ನಾವು ಅಲ್ಕಮಾರ್‌ದಾಗ ಸೋತು, ಮನ್ಯಾಗ ತಿರುಗಿಸಿ ಬಡದ್ವಿ. ಫ್ರಾಂಕ್‌ಫರ್ಟಿಗೆ ಹೋಗಿ ಒಂದು ಗೋಲು, ಸಾಕಾತು. ನಾರ್ವೆದ ತುದಿಯಾಗ ಬೋಡೊ ಅಂತ ಊರು, ಅಲ್ಲೂ ಗೆದ್ದು ಬಂದೇವಿ. ಈ ವರ್ಷ ನಿಮ್ಮನ್ನ ಮೂರು ಸಲ ಸೋಲಿಸೇವಿ, ಮರತಿ ಏನು?'

'ನಾಕನೇದು ನಂದು. ನಾ ಎಲ್ಲಾ ತಯಾರಿ ಮಾಡಿಟ್ಟೇನಿ. ನೀ ಮೀಸಿಗೆ ಎಣ್ಣಿ ಹಚ್ಚಿಕೊಂಡು ಕುಂದ್ರು.'

ಶಶಿಕಾಂತ ಅಂಗಡಿಯ ಹಿಂದಿನ ಶೆಡ್ಡಿಗೆ ಬಂದ. ಅಲ್ಲಿ ಮೋಟೆಬೆನ್ನೂರಿನ ಮೂವತ್ತು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಖಾರದ ಧೂಳು ಮೈಗೆ ಹತ್ತದಿರಲೆಂದು ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟಿರುತ್ತಾರೆ.

ಇವತ್ತು ಮೂವತ್ತೂ ಅಂಗಿ ಹೊಸವು. ಮೂವತ್ತೂ ಕೆಂಪು. ಬೆನ್ನಿನ ಮೇಲೆ ದಪ್ಪ ಬಿಳಿ ಅಕ್ಷರ: 'ಯುರೋಪಾ ಕಪ್ ಗೆದ್ದ ಹುಲಿಗಳು, ಮ್ಯಾಂಚೆಸ್ಟರ್ ಯುನೈಟೆಡ್, 2025.'

ಕಿವಿ ಮುಚ್ಚಿಕೊಂಡು ಬಂದಿದ್ದ. ಕಣ್ಣು ಮುಚ್ಚಿಕೊಳ್ಳುವುದು ಹೊಳೆದಿರಲಿಲ್ಲ.

ಒಂದು ಕಿವಿಯ ಹತ್ತಿ ಕಿತ್ತ. 'ದೇವವ್ವಾ, ಇವು ಎಲ್ಲಿ ಅಂಗಿ?'

ಎಲ್ಲರಿಗಿಂತ ಹಿರಿಯಳಾದ ದೇವವ್ವ ತಲೆ ಎತ್ತಿದಳು. 'ನಿನ್ನ ಗೆಳ್ಯಾ ಸುನೀಲ ಕೊಟ್ಟಾನ ತಮ್ಮಾ. ನಸುಕಿನ್ಯಾಗ ಗಾಡಿ ತಂದು ನಮ್ಮೂರಾಗ ಹಂಚಿದ. ರೊಕ್ಕ ಬ್ಯಾಡ ಅಂದ, ಪುಣ್ಯಾತ್ಮ.'

'ಭಾಳ ಖುಷೀಲೆ ಇದ್ದನೇನು?'

'ಮಾರಿಗೆ ಟವೆಲ್ ಸುತಗೊಂಡಿದ್ದ. ಏನು ಕಾಣಬೇಕು?'

ನಗು ಮುಚ್ಚಿಕೊಂಡಿದ್ದಾನೆ, ಅಂದುಕೊಂಡ ಶಶಿಕಾಂತ. ಪಂದ್ಯ ಮುಗಿದದ್ದು ನಡುರಾತ್ರಿ ದಾಟಿದ ಮೇಲೆ. ನಸುಕಿನೊಳಗೆ ಅಚ್ಚು ಹಾಕಿ, ಒಣಗಿಸಿ, ಹಂಚಿಯೂ ಆಗಿದೆ. ಗೆದ್ದವನಿಗೆ ನಿದ್ದೆ ಎಲ್ಲಿಯದು?

'ಇದರ ಮ್ಯಾಲ ಏನು ಬರದೈತೋ? ನಮಗ ಓದಾಕ ಬರಂಗಿಲ್ಲ.'

'ನನ್ನ ಹಣೇಬರಾ. ಸುನೀಲನ ತಂಡ ಕಪ್ ಗೆದ್ದೈತಿ ಅಂತ' ಎಂದು ಮತ್ತೆ ಹತ್ತಿ ತುರುಕಿಕೊಂಡ. ಎಷ್ಟು ಗೋಲು, ಯಾರು ಹೊಡೆದರು, ಯಾರ ಬಾಯಿಂದಲೂ ಕೇಳುವುದು ಬೇಡ.

ನೆಟ್ಟಗೆ ಸಲಾವುದ್ದೀನನ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕುಳಿತ. ಮೀಸೆ ಮುಟ್ಟಿ, ಬೆರಳಿನಿಂದ ಕೊಯ್ಯುವ ಸನ್ನೆ ಮಾಡಿದ. ಪಣದ ಸಂಗತಿ ಸಲಾವುದ್ದೀನನಿಗೂ ಗೊತ್ತು. ಅವನು ಹೌಹಾರಿದ. ಅವನ ಬಾಯಿ ಪಟಪಟ ಆಡಿತು. ಎರಡೂ ಕೈ ಬೇಡ ಬೇಡ ಎಂದವು. ಕೊನೆಗೆ ಫೋನು ತೆಗೆದು ಮುಖದ ಮುಂದೆ ಹಿಡಿದ. ಶಶಿಕಾಂತ ಕಣ್ಣು ಬಿಗಿಯಾಗಿ ಮುಚ್ಚಿದ. ಒಳ್ಳೆಯ ಮನುಷ್ಯ, ಸಮಾಧಾನ ಹೇಳುತ್ತಿದ್ದಾನೆ.

'ಮಾತು ಅಂದ್ರ ಮಾತು, ಸಲಾವುದ್ದೀನ. ತಗೀ.'

ಹದಿನೇಳು ವರ್ಷ ಎರಡು ನಿಮಿಷದಲ್ಲಿ ನೆಲಕ್ಕೆ ಬಿತ್ತು.

ಮಧ್ಯಾಹ್ನ ಶೆಡ್ಡಿಗೆ ಮರಳಿದಾಗ ಬಾಗಿಲಲ್ಲಿ ಸುನೀಲಕುಮಾರ ನಿಂತಿದ್ದ. ಮೂಗು, ಬಾಯಿ ಮುಚ್ಚುವಂತೆ ಟವೆಲ್ ಸುತ್ತಿಕೊಂಡಿದ್ದ. ಈ ಮಾರುಕಟ್ಟೆಯಲ್ಲಿ ಹಾಗೆ ಸುತ್ತಿಕೊಳ್ಳದವರೇ ಇಲ್ಲ. ಅವನ ಕಣ್ಣು ಶಶಿಕಾಂತನ ಬೋಳು ತುಟಿಯ ಮೇಲೆ ಬಿದ್ದು ಅಲ್ಲೇ ನಿಂತಿತು. ಭುಜಗಳು ಕುಲುಕತೊಡಗಿದವು. ಹೊಟ್ಟೆ ಹಿಡಿದುಕೊಂಡು ಚೀಲದ ಮೇಲೆ ಕುಸಿದ.

ಶಶಿಕಾಂತ ಕಿವಿಯ ಹತ್ತಿ ಕಿತ್ತೆಸೆದ. 'ನಗು ಮಗನ, ನಗು. ಗೆದ್ದೀದಿ.'

ಸುನೀಲಕುಮಾರ ಕಣ್ಣೊರೆಸಿಕೊಂಡು ಟವೆಲ್ ಇಳಿಸಿದ. ಅವನ ಮೂಗಿನ ಕೆಳಗೂ ಮೀಸೆ ಇರಲಿಲ್ಲ.

ಶಶಿಕಾಂತ ಆ ತುಟಿ ನೋಡಿದ. ಮೂವತ್ತು ಕೆಂಪು ಬೆನ್ನುಗಳನ್ನು ನೋಡಿದ. ಮತ್ತೆ ತುಟಿ ನೋಡಿದ.

'ಅಲ್ಲೋ ತಮ್ಮಾ,' ದೇವವ್ವ ಕೈ ನಿಲ್ಲಿಸದೆ ಅಂದಳು, 'ಗೆದ್ದೋರ ಅಂಗಿ ಆಗಿದ್ರ ನಮಗ್ಯಾಕ ಪುಕ್ಕಟೆ ಕೊಡತಿದ್ದ?'