ಬಲಕ್ಕೆ ಹತ್ತು ಕ್ಲಿಕ್

"ಅಕ್ಕಾ, ಎಲ್ಲಿ ಬಿತ್ತು?" ರೈಫಲ್ಲಿನಿಂದ ಕೆನ್ನೆ ಎತ್ತದೆಯೇ ತಂಗಿ ಕೇಳಿದಳು. ಪಕ್ಕದಲ್ಲಿ ಟೆಲಿಸ್ಕೋಪಿಗೆ ಕಣ್ಣಿಟ್ಟಿದ್ದ ಅಕ್ಕನಿಗೆ ಚೆನ್ನಾಗಿಯೇ ಕಂಡಿತ್ತು. ಪಂದ್ಯಕ್ಕೆ ಮುಂಚಿನ ಪರೀಕ್ಷೆಯ ಗುಂಡು ಐವತ್ತು ಮೀಟರಿನಾಚೆಯ ಕಾಗದದ ನಟ್ಟನಡುವೆ ತೂತು ಕೊರೆದಿತ್ತು. ಆರು ತಿಂಗಳ ಹಿಂದೆ ಇವಳಿಗೆ ಬಂದೂಕು ಹಿಡಿಯಲು ಕಲಿಸಿದ್ದೇ ಅಕ್ಕ. ಕ್ಲಬ್ಬಿನ ಚಾಂಪಿಯನ್ನರ ಹಲಗೆಯ ಮೇಲೆ ಹನ್ನೊಂದು ವರ್ಷದಿಂದ ಇದ್ದದ್ದು ಅಕ್ಕನ ಹೆಸರೊಂದೇ. ಈಗ ಗುರುವಿಗೇ ತಿರುಮಂತ್ರ!

"ಎಡಕ್ಕೆ ಹೋಯ್ತು ಕಣೇ. ತಿರುಪನ್ನ ಬಲಕ್ಕೆ ಹತ್ತು ಕ್ಲಿಕ್ ತಿರುಗಿಸು."

ಅಕ್ಕನ ಮಾತೆಂದರೆ ತಂಗಿಗೆ ವೇದವಾಕ್ಯ. ಗುರಿ ಹೊಂದಿಸುವ ತಿರುಪನ್ನು ಬಾಯಲ್ಲಿ ಎಣಿಸುತ್ತಾ ಹತ್ತು ಕ್ಲಿಕ್ ತಿರುಗಿಸಿ, ಇನ್ನೊಂದು ಗುಂಡು ಹಾರಿಸಿದಳು. "ಈಗ?"

"ಈಗ ನೋಡು, ಸರಿಯಾಗಿ ನಡುವಿಗೆ! ಇನ್ನು ಅದನ್ನ ಮುಟ್ಟಬೇಡ."

"ನೀನಿರೋವಾಗ ನಂಗ್ಯಾಕೆ ಚಿಂತೆ," ಎಂದು ನಕ್ಕ ತಂಗಿ, ಪಂದ್ಯದ ಹತ್ತೂ ಗುಂಡುಗಳನ್ನು ಒಂದೊಂದಾಗಿ ಹಾರಿಸಿದಳು. ಅಕ್ಕ ಮತ್ತೆ ಟೆಲಿಸ್ಕೋಪಿಗೆ ಕಣ್ಣಿಟ್ಟಳು. ನಡುವನ್ನು ಬಿಟ್ಟು ಬಲಕ್ಕೆ, ತಾನು ಕಳಿಸಿದ ಜಾಗಕ್ಕೇ, ಕೂದಲೆಳೆಯಷ್ಟೂ ತಪ್ಪದೆ, ಹತ್ತೂ ಗುಂಡುಗಳು ಒಂದೇ ತೂತಿನಲ್ಲಿ ತೂರಿಹೋಗಿದ್ದವು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಕ್ಕನ ಕೈಗೆ ಅಂಥದ್ದು ಕೂಡಿಬಂದಿರಲಿಲ್ಲ.

"ಹೇಗಿದೆ ಅಕ್ಕಾ?"

"ನಿನ್ನ ಕಣ್ಣಲ್ಲೇ ದೋಷ ಇದೆ ಕಣೇ," ಅಕ್ಕ ಅವಳ ತಲೆ ಸವರಿದಳು. "ಈ ಆಟ ನಿಂಗೆ ಆಗಿಬರಲ್ಲ, ಬಿಟ್ಟುಬಿಡು."